ತೋರಣ ಬಾಡಿದ ಮೇಲೆ ಬಂದವರು: ಗುಳೆಯಿಂದ ಮರಳಿದ ಕುಟುಂಬಗಳು ಮತ್ತು ಒಂದು ಸರ್ಕಾರಿ ಶಾಲೆ

ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 2024ರ ಮೇ ಕೊನೆಯಿಂದ ಅದೇ ವರ್ಷದ ಡಿಸೆಂಬರ್‌ವರೆಗೆ ನಡೆದುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಆ ಶಾಲೆಯ ಮುಖ್ಯ ಶಿಕ್ಷಕನಾಗಿ ಇದರ ಪ್ರತಿಯೊಂದು ಹಂತದಲ್ಲೂ ನಾನಿದ್ದೆ. ಎಡವಿದ ಕಡೆಗಳಲ್ಲಿ ಎಡವಿದವನೂ ಹೆಚ್ಚಾಗಿ ನಾನೇ. ಊರು, ಮಕ್ಕಳು, ತಾಯ್ತಂದೆಯರ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಹೊಸ ಶೈಕ್ಷಣಿಕ ವರ್ಷಕ್ಕೆ ಕುಟುಂಬಗಳನ್ನು ಬರಮಾಡಿಕೊಳ್ಳುವುದೆಂದರೆ ಮೊದಲ ದಿನದ ತಳಿರು ತೋರಣ, ಕೈಗೊಂದು ಹೂವು, ಸಿಹಿಯೂಟ ಎಂದೇ ನಾವು ಬಹುಕಾಲದಿಂದ ತಿಳಿದಿದ್ದೆವು. ತಡವಾಗಿ ಬರುವ ಕುಟುಂಬಗಳಿಗೆ ಅವುಗಳಲ್ಲಿ ಒಂದೂ ತಲುಪುತ್ತಿರಲಿಲ್ಲ ಎಂಬುದು ಆ ವರ್ಷವೇ ನಮ್ಮ ಗಮನಕ್ಕೆ ಬಂದದ್ದು.

ಹಿನ್ನೆಲೆ

2011ರ ಜನಗಣತಿಯಲ್ಲಿ ರಾಜ್ಯದಲ್ಲೇ ಅತಿ ಕಡಿಮೆ ಸಾಕ್ಷರತೆ ದಾಖಲಾದ ಜಿಲ್ಲೆ ನಮ್ಮದು. ಒಟ್ಟು ಪ್ರಮಾಣ ಶೇ 52ರ ಆಸುಪಾಸು, ಹೆಣ್ಣುಮಕ್ಕಳಲ್ಲಿ ಶೇ 41ರಷ್ಟು. ಕೃಷ್ಣೆ, ಭೀಮೆ ಎರಡೂ ಹರಿಯುವ ಜಿಲ್ಲೆಯಾದರೂ ನಾಲೆಯ ನೀರು ಎಲ್ಲ ಹೊಲಗಳಿಗೂ ಏರುವುದಿಲ್ಲ. ನಮ್ಮ ಶಾಲೆಯಿರುವ ಊರು ಮಳೆಯನ್ನೇ ನಂಬಿಕೊಂಡಿದ್ದು, ಹೆಸರು, ತೊಗರಿ, ಹತ್ತಿ ಇವೇ ಅಲ್ಲಿನ ಬೆಳೆಗಳು. ಸುಗ್ಗಿ ಮುಗಿದ ಮೇಲೆ ಊರಿನಲ್ಲಿ ಕೂಲಿ ಸಿಗುವುದಿಲ್ಲವಾದ್ದರಿಂದ ಗುಳೆ ಹೋಗುವುದು ಇಲ್ಲಿನವರಿಗೆ ಹೊಸದಲ್ಲ. ಆದರೆ 2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಬೇಕಾಯಿತು. ಆ ವರ್ಷ ನಮ್ಮೂರಿನಲ್ಲಿ ಸೀಗಿ ಹುಣ್ಣಿಮೆಯ ಚರಗ ಚೆಲ್ಲುವುದಕ್ಕೂ ಹಲವರು ನಿಲ್ಲಲಿಲ್ಲ. ತಾಂಡಾದ ಕುಟುಂಬಗಳು ಮಹಾರಾಷ್ಟ್ರದ ಕಬ್ಬಿನ ಹೊಲಗಳಿಗೆ, ಊರೊಳಗಿನ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟವು. ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟವರು ಕೆಲವರಾದರೆ, ಕರೆದುಕೊಂಡು ಹೋದವರೇ ಹೆಚ್ಚು.

ಹೀಗೆ ಹೋದವರು ಒಂದೇ ದಿನ ಮರಳುವುದಿಲ್ಲ. ಸಕ್ಕರೆ ಕಾರ್ಖಾನೆಗಳು ನಿಂತ ಮೇಲೆ ಕಬ್ಬು ಕಡಿಯುವವರು ಯುಗಾದಿಯ ಹೊತ್ತಿಗೆ ಊರು ಸೇರುತ್ತಾರೆ. ಕಟ್ಟಡ ಕೆಲಸದವರಿಗೆ ಅಂಥ ಒಂದು ಗಡಿಯಿಲ್ಲ. ಅವರು ಆಕಾಶ ನೋಡಿ ಬರುತ್ತಾರೆ. ರೋಹಿಣಿ ಮಳೆ ಬಿತ್ತೆಂದು ಊರಿನಿಂದ ಫೋನು ಹೋದರೆ ಕೆಲವರು, ಮಿರಗದ (ಮೃಗಶಿರಾ) ಮಳೆಗೆ ಹೊಲ ಹದವಾಯಿತೆಂದರೆ ಇನ್ನು ಕೆಲವರು, ಬಿತ್ತನೆಯೂ ಮುಗಿದು ಕಾರ ಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸುವ ಹೊತ್ತಿಗೆ ಉಳಿದವರು. ಇಲಾಖೆಯ ವರ್ಷ ಮೇ ಕೊನೆಯ ವಾರದಲ್ಲಿ ಆರಂಭವಾಗುತ್ತದೆ, ಊರಿನ ವರ್ಷ ಮಳೆಯೊಂದಿಗೆ ಆರಂಭವಾಗುತ್ತದೆ. ಈ ಎರಡರ ನಡುವಿನ ಮೂರು ನಾಲ್ಕು ವಾರಗಳಲ್ಲಿ ಶಾಲೆ ಏನು ಮಾಡುತ್ತದೆ ಎಂಬುದೇ ಈ ಪ್ರಕರಣದ ವಸ್ತು.

2024ರಲ್ಲಿ ಇದಕ್ಕೆ ಇನ್ನೊಂದು ಗೊಂದಲ ಸೇರಿಕೊಂಡಿತು. ಮೇ 7ರಂದು ನಮ್ಮ ಭಾಗದಲ್ಲಿ ಲೋಕಸಭಾ ಚುನಾವಣೆಯ ಮತದಾನವಿತ್ತು. ಮತ ಹಾಕಲು ಬೆಂಗಳೂರಿನಿಂದ ಬಸ್ಸುಗಳಲ್ಲಿ ಬಂದಿಳಿದ ಕುಟುಂಬಗಳನ್ನು ಕಂಡು, ಇನ್ನು ಮೂರು ವಾರದಲ್ಲಿ ಶಾಲೆ ತೆರೆಯುತ್ತದೆ, ಇವರು ಇಲ್ಲೇ ಉಳಿಯುತ್ತಾರೆ ಎಂದು ನಾವು ಎಣಿಸಿಬಿಟ್ಟೆವು. ಬರಗಾಲದ ವರ್ಷದಲ್ಲಿ, ಹೊಲದಲ್ಲಿ ಹನಿ ತೇವವಿಲ್ಲದ ಮೇ ತಿಂಗಳಿನಲ್ಲಿ, ಮೂರು ವಾರ ಕೂಲಿಯಿಲ್ಲದೆ ಕುಳಿತುಕೊಳ್ಳುವ ಶಕ್ತಿ ಯಾವ ಮನೆಗಿತ್ತು? ಮತದಾನವಾದ ಎರಡು ಮೂರು ದಿನಗಳಲ್ಲಿ ಬಹುಪಾಲು ಮನೆಗಳಿಗೆ ಮತ್ತೆ ಬೀಗ ಬಿತ್ತು. ನಮ್ಮ ಪಟ್ಟಿಯಲ್ಲಿ ಮಾತ್ರ ಆ ಮಕ್ಕಳೆಲ್ಲರೂ ಊರಲ್ಲಿದ್ದಾರೆ ಎಂದೇ ಉಳಿಯಿತು.

ಮೊದಲ ದಿನ

ಮೇ 29ರಿಂದ ಎರಡು ದಿನ ಶಾಲೆಯನ್ನು ಸಿದ್ಧಗೊಳಿಸಿ, 31ರಂದು ಪ್ರಾರಂಭೋತ್ಸವ ನಡೆಸಿದೆವು. ನೀರಿನ ತೊಟ್ಟಿ ತೊಳೆಸಿದ್ದು, ಅಡುಗೆ ಕೋಣೆಯ ಹಳೆಯ ಬೇಳೆಯನ್ನು ಸೋಸಿ ನೋಡಿದ್ದು, ಬಾಗಿಲಿಗೆ ಮಾವಿನ ತೋರಣ, ಅಂಗಳಕ್ಕೆ ರಂಗೋಲಿ ಇವೆಲ್ಲ ಎಲ್ಲ ಶಾಲೆಗಳಲ್ಲೂ ಆಗುವಂತೆಯೇ ಆದವು. ಎತ್ತಿನ ಗಾಡಿಯಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ಕೂರಿಸಿ ಓಣಿ ಸುತ್ತಿಸಿದೆವು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಪಠ್ಯಪುಸ್ತಕಗಳನ್ನು ಹಂಚಿದರು. ಊಟಕ್ಕೆ ಗೋಧಿ ಹುಗ್ಗಿ ಇತ್ತು. ದಾಖಲಾತಿಯಲ್ಲಿದ್ದ 142 ಮಕ್ಕಳಲ್ಲಿ ಆ ದಿನ ಬಂದವರು 83.

ಮಿಕ್ಕವರ ಬಗ್ಗೆ ನಮಗೆ ಆತಂಕವೇನೂ ಆಗಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಮೊದಲ ವಾರದಲ್ಲಿ ಹಾಜರಿ ಕಡಿಮೆಯಿರುವುದು ಪ್ರತಿವರ್ಷದ ಮಾತೇ. ಜೂನ್ 10ರ ಹೊತ್ತಿಗೆ ಸಂಖ್ಯೆ 101ಕ್ಕೆ ಏರಿ ಅಲ್ಲೇ ನಿಂತಿತು. ಉಳಿದ 41 ಹೆಸರುಗಳನ್ನು ತರಗತಿ ಶಿಕ್ಷಕರು ಪ್ರತಿದಿನ ಬೆಳಿಗ್ಗೆ ಕೂಗುತ್ತಿದ್ದರು. ಕುಳಿತ ಮಕ್ಕಳು ಒಟ್ಟಾಗಿ “ಬಂದಿಲ್ರೀ” ಎನ್ನುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಕೆಂಪು ಶಾಯಿಯ ಗುರುತು ಬೀಳುತ್ತಿತ್ತು. ನಾಲ್ಕನೆಯ ತರಗತಿಯ ಪುಸ್ತಕದ ಒಂದು ಪುಟದಲ್ಲಿ ಕೆಂಪು ಗುರುತುಗಳು ಒಂದರ ಕೆಳಗೊಂದು ಸೇರಿ, ಕಪ್ಪು ಶಾಯಿಗಿಂತ ಹೆಚ್ಚಾಗಿ ಅದೇ ಕಾಣುತ್ತಿತ್ತು. ಆ ಪುಟವನ್ನು ನಾನು ಸಹಿ ಹಾಕಲು ಹಲವು ಬಾರಿ ತೆರೆದಿದ್ದೆ.

ಬೇವಿನ ಮರದ ಕೆಳಗೆ

ಜೂನ್ ಎರಡನೆಯ ವಾರದ ಒಂದು ದಿನ, ಬಿಸಿಯೂಟಕ್ಕೆ ಗಂಟೆ ಬಾರಿಸುವ ಹೊತ್ತಿನಲ್ಲಿ, ನಮ್ಮ ಮುಖ್ಯ ಅಡುಗೆಯವರು ಬಂದು ಕಾಂಪೌಂಡಿನ ಆಚೆ ಬೇವಿನ ಮರದ ಕೆಳಗೆ ಒಬ್ಬ ಹೆಣ್ಣುಮಗಳು ಎರಡು ಮಕ್ಕಳನ್ನು ಕಟ್ಟಿಕೊಂಡು ಬೆಳಿಗ್ಗೆಯಿಂದ ಕುಳಿತಿದ್ದಾಳೆ ಎಂದರು. ಹೋಗಿ ನೋಡಿದರೆ ನಾಲ್ಕನೆಯ ತರಗತಿಗೆ ಬರಬೇಕಿದ್ದ ಹುಡುಗಿಯ ತಾಯಿ. ಹುಡುಗಿಯ ಸೊಂಟದ ಮೇಲೆ ಮೂರು ವರ್ಷದ ತಮ್ಮ. ತಾಯಿಯ ಕೈಯಲ್ಲಿ ಸಿಮೆಂಟ್ ಚೀಲದಿಂದ ಹೊಲಿದ ಒಂದು ಚೀಲವಿತ್ತು. ಒಳಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟ ಪಡಿತರ ಚೀಟಿ, ಆಧಾರ್ ಕಾರ್ಡುಗಳು, ಆರೋಗ್ಯ ಉಪಕೇಂದ್ರದ ತಾಯಿ ಕಾರ್ಡು. ಯಾವ ಕಾಗದ ಕೇಳುತ್ತಾರೋ ಎಂದು ಮನೆಯಲ್ಲಿದ್ದ ಎಲ್ಲವನ್ನೂ ಹೊತ್ತು ತಂದಿದ್ದರು.

ಒಳಗೆ ಬರುವಂತೆ ಕರೆದಾಗ ಆಕೆ ಮೊದಲು ಕೇಳಿದ್ದು ಇಷ್ಟೇ: “ಹೆಸರ ಹೊಡದೀರೇನ್ರಿ ಸರ?”

ಹೆಸರು ಹೊಡೆದಿಲ್ಲ ಎಂದೆ. ಹಾಗಿದ್ದರೆ ಬೆಳಿಗ್ಗೆಯೇ ಏಕೆ ಒಳಗೆ ಬರಲಿಲ್ಲ ಎಂದು ಕೇಳಿದಾಗ ಬಂದ ಉತ್ತರ ನನಗೆ ಇಂದಿಗೂ ನೆನಪಿದೆ. “ಹೋದ ವರ್ಷ ತಡಾ ಮಾಡಿ ಬಂದೀರಿ ಅಂತ ಎಲ್ಲಾರ ಮುಂದ ಬೈದಿದ್ರಿ. ಈ ಸಲ ಮತ್ತ ತಡಾ ಆಗೇತಿ. ಊಟದ ಹೊತ್ತಿಗಿ ಹೊರಗ ಬರ್ತೀರಿ, ಆವಾಗ ಒಬ್ಬರಿಗೇ ಹೇಳೂನು ಅಂತ ಕುಂತಿದ್ವಿರಿ.”

ಹಿಂದಿನ ವರ್ಷ ಆಡಿದ ಮಾತು ನನಗೆ ನೆನಪಿರಲಿಲ್ಲ. ಆಡಿಲ್ಲ ಎನ್ನುವಂತಿಲ್ಲ, ತಡವಾಗಿ ಬಂದ ಪೋಷಕರಿಗೆ ಆ ಮಾತನ್ನು ನಾನೂ ನನ್ನ ಸಹೋದ್ಯೋಗಿಗಳೂ ಆಡುವುದು ವಾಡಿಕೆಯೇ ಆಗಿತ್ತು. ಮಕ್ಕಳ ಕಲಿಕೆ ಕೆಡುತ್ತದೆ ಎಂಬ ಕಾಳಜಿಯಿಂದಲೇ ಆಡುತ್ತಿದ್ದೆವು. ಆ ಮಾತಿನ ಭಯಕ್ಕೆ ಒಂದು ಮಗು ಒಂದು ವರ್ಷದ ನಂತರವೂ ಶಾಲೆಯ ಗೋಡೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಅರ್ಧ ದಿನ ಕುಳಿತಿರಬೇಕಾಯಿತು.

ತಾಯಿ, ಮಕ್ಕಳನ್ನು ಕರೆತಂದು ಊಟಕ್ಕೆ ಕೂರಿಸಿದೆವು. ಹುಡುಗಿ ತಟ್ಟೆ ತಂದಿರಲಿಲ್ಲ. ಅಡುಗೆಯವರು ತಮ್ಮ ತಟ್ಟೆಯನ್ನೇ ತೊಳೆದು ಕೊಟ್ಟರು. ಅವಳು ಅನ್ನ ಸಾರು ಕಲಸಿ ಮೊದಲ ನಾಲ್ಕು ತುತ್ತುಗಳನ್ನು ತಮ್ಮನಿಗೆ ತಿನ್ನಿಸಿ, ಆಮೇಲೆ ತಾನು ಉಂಡಳು.

ಎಡವಿದ್ದೆಲ್ಲಿ

ಆ ಸಂಜೆ ಶಿಕ್ಷಕರೆಲ್ಲರೂ ಕುಳಿತು, ಈ ಹುಡುಗಿ ಆ ದಿನ ಶಾಲೆಯೊಳಗೆ ಕಾಲಿಟ್ಟ ಗಳಿಗೆಯಿಂದ ಅವಳಿಗೆ ಏನೇನು ಸಿಕ್ಕಿತು, ಏನೇನು ಸಿಗಲಿಲ್ಲ ಎಂದು ಬರೆದು ನೋಡಿದೆವು. ಪುಸ್ತಕಗಳನ್ನು ಮೊದಲ ದಿನ ಬಂದವರಿಗೆ ಹಂಚಿ ಮುಗಿದಿತ್ತು. ಉಳಿದ ಪ್ರತಿಗಳು ಬೀರುವಿನಲ್ಲಿ ಒಟ್ಟಾಗಿ ಬಿದ್ದಿದ್ದವು. ಹುಡುಕಿ ತೆಗೆಯಲು ಆ ದಿನ ಯಾರಿಗೂ ಬಿಡುವಾಗಿರಲಿಲ್ಲ. ಸಮವಸ್ತ್ರದ ಮಾತೂ ಅಷ್ಟೇ. ವರ್ಷಾರಂಭದ ಸೇತುಬಂಧದಲ್ಲಿ ಹಿಂದಿನ ತರಗತಿಯ ಕಲಿಕೆಯನ್ನು ಪೂರ್ವ ಪರೀಕ್ಷೆಯಿಂದ ಗುರುತಿಸಿ, ಕೊರತೆಯಿದ್ದುದನ್ನು ಮತ್ತೆ ಕಲಿಸಿ, ಸಾಫಲ್ಯ ಪರೀಕ್ಷೆ ನಡೆಸಬೇಕು. ಹಿಂದಿನ ವರ್ಷದ ಅರ್ಧಕ್ಕಿಂತ ಹೆಚ್ಚು ದಿನ ಶಾಲೆಯಿಂದ ದೂರವಿದ್ದ ಮಕ್ಕಳಿಗೇ ಅದು ಎಲ್ಲರಿಗಿಂತ ಹೆಚ್ಚು ಬೇಕು. ಅವರು ಬಂದಾಗಲೇ ಅದು ಮುಗಿಯುತ್ತಾ ಬಂದಿರುತ್ತದೆ. ಇನ್ನು ಹತ್ತು ವರ್ಷದ ಹುಡುಗಿಯ ಸೊಂಟದ ಮೇಲೆ ಮಗು ಕುಳಿತಿರುವವರೆಗೆ ಅವಳ ಹೆಸರು ಹಾಜರಿಯಲ್ಲಿದ್ದೂ ಪ್ರಯೋಜನವಿಲ್ಲ.

ಕಾಗದಗಳ ವಿಷಯದಲ್ಲಿ ನಮ್ಮ ತಪ್ಪು ಇನ್ನೂ ಗಂಭೀರವಾದುದು. ತಡವಾಗಿ ಬಂದವರನ್ನು ಕಂಡೊಡನೆ ಟಿಸಿ ಎಲ್ಲಿ, ಜನನ ಪ್ರಮಾಣಪತ್ರ ಎಲ್ಲಿ, ಇಷ್ಟು ದಿನ ಯಾವ ಶಾಲೆಯಲ್ಲಿದ್ದ ಎಂದು ಕೇಳುವುದು ನಮಗೆ ಅಭ್ಯಾಸವಾಗಿತ್ತು. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಬಾರದೆಂದು ಅದರ 14ನೇ ಸೆಕ್ಷನ್, ವರ್ಗಾವಣೆ ಪತ್ರ ತಡವಾದದ್ದು ಪ್ರವೇಶಕ್ಕೆ ಅಡ್ಡಿಯಾಗಬಾರದೆಂದು 5ನೇ ಸೆಕ್ಷನ್ ಹೇಳುತ್ತವೆ. 15ನೇ ಸೆಕ್ಷನ್ನಿನ ಪ್ರಕಾರ, ಪ್ರವೇಶದ ವಿಸ್ತರಿತ ಅವಧಿಯೂ ಮುಗಿದ ಮೇಲೆ ಬಂದ ಮಗುವಿಗೂ ಬಾಗಿಲು ಮುಚ್ಚುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದುದನ್ನು ವಿಶೇಷ ತರಬೇತಿಯಿಂದ ತುಂಬಿಸಬೇಕೆಂಬುದು 4ನೇ ಸೆಕ್ಷನ್. ಈ ಮಾತುಗಳನ್ನು ನಾವು ತರಬೇತಿಗಳಲ್ಲಿ ಕೇಳಿದ್ದೆವು, ಬೇರೆಯವರಿಗೆ ಹೇಳಿಯೂ ಇದ್ದೆವು. ನಮ್ಮದೇ ದಾಖಲಾತಿ ವಹಿಯಲ್ಲಿ ಹೆಸರಿರುವ, ನಮ್ಮದೇ ಸ್ಯಾಟ್ಸ್ ಸಂಖ್ಯೆಯಿರುವ (ಇಲಾಖೆ ಪ್ರತಿ ವಿದ್ಯಾರ್ಥಿಗೂ ಕೊಡುವ ಗುರುತಿನ ಸಂಖ್ಯೆ) ಮಗುವಿನ ತಾಯಿಗೆ ಯಾವ ಕಾಗದವೂ ಬೇಕಿಲ್ಲ ಎಂಬುದನ್ನು ಒಬ್ಬರೂ ಹೇಳಿರಲಿಲ್ಲ. ಆಕೆ ಆ ಚೀಲವನ್ನು ಹೊತ್ತು ತಂದದ್ದು ನಮ್ಮ ಆ ಮೌನದಿಂದಾಗಿ.

ಪೋಷಕರಿಗೆ ಶಿಕ್ಷಣದ ಬೆಲೆ ಗೊತ್ತಿಲ್ಲ ಎಂಬ ಮಾತು ನಮ್ಮ ಸಭೆಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಈ ಪ್ರಕರಣದ ನಂತರ ಆ ಮಾತನ್ನು ನಾನು ಒಪ್ಪುವುದಿಲ್ಲ. ಬೆಲೆ ಗೊತ್ತಿಲ್ಲದವರು ಮನೆಯ ಕಾಗದಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಮರದ ಕೆಳಗೆ ಅರ್ಧ ದಿನ ಕಾಯುವುದಿಲ್ಲ.

ಕೈಗೊಂಡ ಕ್ರಮಗಳು

ಮರುದಿನವೇ ಮಾಡಿದ ಮೊದಲ ಕೆಲಸ ತೀರ ಸಣ್ಣದು. ಬಾರದ 41 ಮಕ್ಕಳ ಪಠ್ಯಪುಸ್ತಕಗಳನ್ನು ತರಗತಿವಾರು ತೆಗೆದು, ಒಂದೊಂದು ಮಗುವಿನ ಕಟ್ಟನ್ನೂ ದಾರದಿಂದ ಕಟ್ಟಿ, ಮೇಲೊಂದು ಚೀಟಿಯಲ್ಲಿ ಮಗುವಿನ ಪೂರ್ತಿ ಹೆಸರು ಬರೆದು, ಬೀರುವಿನಿಂದ ಹೊರಗೆ ಕಚೇರಿಯ ಬೆಂಚಿನ ಮೇಲೆ ಸಾಲಾಗಿ ಇಟ್ಟೆವು. ನಾಲ್ಕನೆಯ ತರಗತಿಯ ಆ ಹುಡುಗಿಯನ್ನು ಕರೆದು, ಅವಳ ಕಟ್ಟನ್ನು ಅವಳೇ ಹುಡುಕಿಕೊಳ್ಳಲಿ ಎಂದು ಬಿಟ್ಟೆವು. ಎಂಟು ತಿಂಗಳು ಅಕ್ಷರದ ಗೊಡವೆಯಿಲ್ಲದೆ ಇದ್ದವಳು ಚೀಟಿಗಳ ಮೇಲೆ ಬೆರಳಿಟ್ಟು, ತನ್ನ ಹೆಸರಿನ ಮೊದಲ ಅಕ್ಷರವಿದ್ದ ಮೂರು ಕಟ್ಟುಗಳನ್ನು ಎತ್ತಿ ನೋಡಿ, ಮೂರನೆಯದನ್ನು ಎದೆಗವಚಿಕೊಂಡಳು. ಅವಳಿಗೆ ಎಷ್ಟು ಓದು ಉಳಿದಿದೆ ಎಂಬುದೂ ನಮಗೆ ಆಗಲೇ ತಿಳಿದುಹೋಯಿತು.

ಹಾಜರಿ ಕೂಗುವ ಕ್ರಮವನ್ನೂ ಬದಲಿಸಿದೆವು. ಬಾರದ ಮಗುವಿನ ಹೆಸರನ್ನು ತರಗತಿಯ ಮುಂದೆ ದಿನವೂ ಕೂಗುವುದನ್ನು ನಿಲ್ಲಿಸಿ, ಶಿಕ್ಷಕರು ತಾವೇ ಗುರುತು ಹಾಕಿ, ಆ ಹೆಸರುಗಳನ್ನು ಸಂಜೆ ನನಗೆ ತಂದುಕೊಡತೊಡಗಿದರು. ಗೈರುಹಾಜರಿ ದಾಖಲಾಗಲೇಬೇಕು, ಅದರಲ್ಲಿ ರಾಜಿಯಿಲ್ಲ. ಆದರೆ “ಬಂದಿಲ್ರೀ” ಎಂದು ನೂರು ಸಲ ಕೂಗಿದ ಮಕ್ಕಳ ನಡುವೆ ಹೋಗಿ ಕುಳಿತುಕೊಳ್ಳುವುದು ಮರಳಿ ಬಂದ ಮಗುವಿಗೆ ಎಷ್ಟು ಕಷ್ಟ ಎಂಬುದನ್ನು ಮೂರನೆಯ ತರಗತಿಯ ಶಿಕ್ಷಕಿ ನಮ್ಮ ಗಮನಕ್ಕೆ ತಂದಿದ್ದರು.

ಎರಡನೆಯದು ಕುಟುಂಬಗಳು ಎಲ್ಲಿವೆ ಎಂದು ತಿಳಿಯುವ ಕೆಲಸ. ದಾಖಲಾತಿ ಅರ್ಜಿಯಲ್ಲಿದ್ದ ಫೋನ್ ಸಂಖ್ಯೆಗಳಲ್ಲಿ ಅರ್ಧಕ್ಕೂ ಹೆಚ್ಚು ಬಂದ್ ಆಗಿದ್ದವು. ಊರು ಬದಲಾದಂತೆ ಸಿಮ್ಮೂ ಬದಲಾಗುತ್ತದೆ. ಸರಿಯಾದ ಸಂಖ್ಯೆಗಳು ಸಿಕ್ಕಿದ್ದು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ, ಊರಿನಲ್ಲಿ ಉಳಿದಿದ್ದ ಅಜ್ಜ ಅಜ್ಜಿಯರಿಂದ. ಯಾರ ಮಗ ಯಾವ ಮೇಸ್ತ್ರಿಯ ಕೈಕೆಳಗಿದ್ದಾನೆ, ಸೊಸೆಗೆ ಇದು ಎಷ್ಟನೆಯ ತಿಂಗಳು, ಮೇಸ್ತ್ರಿಗೆ ಪಡೆದ ಮುಂಗಡ ಇನ್ನೆಷ್ಟು ತೀರಬೇಕು, ಯಾವ ಮಳೆಗೆ ಬರುತ್ತಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಇಲಾಖೆಯ ಯಾವ ನಮೂನೆಯಲ್ಲೂ ಕೇಳದ ಈ ವಿವರಗಳೇ ಮಗು ಶಾಲೆಗೆ ಯಾವಾಗ ಬರುತ್ತದೆಂಬುದನ್ನು ನಿರ್ಧರಿಸುತ್ತವೆ. ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂಬ ಕಾಯ್ದೆಯ ನಿಯಮದ ಅರ್ಥ ನನಗೆ ಚೆನ್ನಾಗಿ ತಿಳಿದದ್ದು ಆ ವಾರ. ಇಬ್ಬರು ಮಹಿಳಾ ಸದಸ್ಯರು ಎರಡು ಸಂಜೆಗಳಲ್ಲಿ ತಂದ ಮಾಹಿತಿಯನ್ನು ನಾವು ಎರಡು ವರ್ಷವಾದರೂ ತರಲಾಗುತ್ತಿರಲಿಲ್ಲ.

ಫೋನ್ ಕರೆಗಳನ್ನು ರಾತ್ರಿ ಎಂಟರ ಮೇಲೆ ಮಾಡಿದೆವು, ಏಕೆಂದರೆ ಹಗಲು ಕೆಲಸದ ಜಾಗದಲ್ಲಿ ಮಾತನಾಡಿದರೆ ಮೇಸ್ತ್ರಿ ಗದರುತ್ತಾನೆ. ಶಾಲೆಯಿಂದ ಫೋನ್ ಎಂದೊಡನೆ ಎಲ್ಲರೂ ಮೊದಲು ಗಾಬರಿಯಾಗುತ್ತಿದ್ದರು. ಅದಕ್ಕಾಗಿ ನಾವು ಒಂದು ಕ್ರಮ ಇಟ್ಟುಕೊಂಡೆವು: ಮೊದಲು ಎಲ್ಲರ ಆರೋಗ್ಯ ವಿಚಾರಿಸುವುದು, ಬಳಿಕ ಹೆಸರು ಹೊಡೆದಿಲ್ಲ ಎಂದು ಸ್ಪಷ್ಟವಾಗಿ ಹೇಳುವುದು, ಪುಸ್ತಕ ಕಟ್ಟಿಟ್ಟಿದೆ ಎನ್ನುವುದು, ಕೊನೆಯಲ್ಲಿ ಯಾವಾಗ ಬರುತ್ತೀರಿ ಎಂದು ಕೇಳುವುದು. ಬೇಗ ಬನ್ನಿ ಎಂದು ಒತ್ತಾಯಿಸಲಿಲ್ಲ. ಮುಂಗಡ ತೀರದವರು ಬರಲಾರರು. ಒತ್ತಾಯಿಸಿದರೆ ಮುಂದಿನ ಕರೆಯನ್ನು ಎತ್ತುವುದಿಲ್ಲ. ಹೀಗೆ ಮಾತನಾಡಿದಾಗಲೇ, ಐದು ಮಕ್ಕಳು ಬೆಂಗಳೂರಿನ ಸರ್ಕಾರಿ ಶಾಲೆಗಳಿಗೆ ಹೋಗುತ್ತಿರುವುದು ತಿಳಿಯಿತು. ಅವರ ಸ್ಯಾಟ್ಸ್ ಸಂಖ್ಯೆಗಳನ್ನು ಆ ಶಾಲೆಗಳಿಗೆ ತಿಳಿಸಿ ವರ್ಗಾವಣೆ ಮಾಡಿದೆವು. ಒಬ್ಬ ಹುಡುಗನ ತಂದೆ ನಗರದ ಒಂದು ಶಾಲೆಯ ಬಾಗಿಲಿಗೆ ಎರಡು ಸಲ ಹೋಗಿ, ಟಿಸಿ ಇಲ್ಲವೆಂಬ ಕಾರಣಕ್ಕೆ ವಾಪಸು ಬಂದಿದ್ದರು. ನಾವು ಇಲ್ಲಿ ಮಾಡುತ್ತಿದ್ದುದನ್ನೇ ಅಲ್ಲಿಯೂ ಮಾಡಿದ್ದರು.

ಮೂರನೆಯದು ಚಿಕ್ಕ ಮಕ್ಕಳ ವಿಷಯ. ನಮ್ಮ ಶಾಲೆಯ ಗೋಡೆಗೆ ಅಂಟಿಕೊಂಡೇ ಅಂಗನವಾಡಿ ಇದೆ. ಮೂರರಿಂದ ಆರು ವರ್ಷದ ಮಕ್ಕಳನ್ನು ಅಲ್ಲಿ ಕೂರಿಸಿ ಕಲಿಸುತ್ತಾರೆ, ಊಟ ಕೊಡುತ್ತಾರೆ. ಗುಳೆಯಿಂದ ಬಂದ ಮಕ್ಕಳ ಹೆಸರು ಅಲ್ಲಿನ ಪಟ್ಟಿಯಲ್ಲಿರುವುದಿಲ್ಲವಾದ್ದರಿಂದ ಅಕ್ಕಂದಿರೇ ಅವರನ್ನು ಹೊತ್ತು ತಿರುಗುತ್ತಾರೆ. ಅಂಗನವಾಡಿ ಕಾರ್ಯಕರ್ತೆಯೊಂದಿಗೆ ಮಾತನಾಡಿ, ದೊಡ್ಡ ಮಗು ನಮ್ಮ ಶಾಲೆಗೆ ಬಂದ ದಿನವೇ ಚಿಕ್ಕದರ ಹೆಸರನ್ನು ಅಲ್ಲಿ ಬರೆಸುವ ವ್ಯವಸ್ಥೆ ಮಾಡಿಕೊಂಡೆವು. ಆ ಹುಡುಗಿಯ ತಮ್ಮ ಮೊದಲ ಎರಡು ದಿನ ಅತ್ತು, ಗೋಡೆಯಾಚೆ ಅಕ್ಕನ ದನಿ ಹುಡುಕುತ್ತಿದ್ದ. ಬಿಡುವಿನ ವೇಳೆಯಲ್ಲಿ ಅವಳು ಹೋಗಿ ಮುಖ ತೋರಿಸಿ ಬರುತ್ತಿದ್ದಳು. ನಾಲ್ಕನೆಯ ದಿನ ಅವನೇ ಕೈಬೀಸಿ ಅವಳನ್ನು ಕಳುಹಿಸಿದ. ನನ್ನ ಮಟ್ಟಿಗೆ, ನಾವು ಮಾಡಿದ ಎಲ್ಲದರಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ. ಇದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಬಿಸಿಯೂಟದ ಲೆಕ್ಕವನ್ನೂ ಸರಿಪಡಿಸಬೇಕಾಯಿತು. ಒಂದರಿಂದ ಐದನೆಯ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ, ಅದಕ್ಕಿಂತ ಮೇಲಿನ ತರಗತಿಗೆ 150 ಗ್ರಾಂ ಅಕ್ಕಿಯ ಲೆಕ್ಕದಲ್ಲಿ ಬೆಳಿಗ್ಗೆಯೇ ಅಳೆದು ಕೊಡುತ್ತೇವೆ. ಹತ್ತೂವರೆಯ ಮೇಲೆ ಬಂದ ಮಗುವಿನ ಪಾಲು ಅಂದಿನ ಪಾತ್ರೆಯಲ್ಲಿರುವುದಿಲ್ಲ. ಜೂನ್ ಪೂರ್ತಿ ಪ್ರತಿದಿನ ಐದು ಮಕ್ಕಳಿಗೆ ಹೆಚ್ಚಿಗೆ ಅಡುಗೆ ಮಾಡುವುದು, ಉಳಿದರೆ ಬಡಿಸಿಬಿಡುವುದು, ಮರುದಿನದ ಲೆಕ್ಕದಲ್ಲಿ ಸರಿದೂಗಿಸುವುದು ಎಂದು ತೀರ್ಮಾನಿಸಿದೆವು. ಮೊದಲ ದಿನವೇ ಹಸಿದು ಮನೆಗೆ ಹೋದ ಮಗು ಎರಡನೆಯ ದಿನ ಬರುತ್ತದೆಂಬ ಭರವಸೆ ಇಲ್ಲ. ರಾಜ್ಯದ ಬಿಸಿಯೂಟ ಯೋಜನೆಯಾದ ಅಕ್ಷರ ದಾಸೋಹ 2002ರಲ್ಲಿ ಮೊದಲು ಆರಂಭವಾದದ್ದು ಈ ಭಾಗದ ಜಿಲ್ಲೆಗಳಲ್ಲೇ ಎಂಬುದಕ್ಕೆ ಕಾರಣವಿದೆ.

ಕಲಿಕೆಯ ವಿಷಯದಲ್ಲಿ, ತಡವಾಗಿ ಬಂದವರಿಗಾಗಿ ಸೇತುಬಂಧವನ್ನು ಎರಡನೆಯ ಸಲ ಆರಂಭಿಸಿ, ದಿನದ ಮೊದಲ ಎರಡು ಅವಧಿಗಳನ್ನು ಅದಕ್ಕೆ ಮೀಸಲಿಟ್ಟೆವು. ಇಲ್ಲಿ ನಾವು ನಿರೀಕ್ಷಿಸದ ಒಂದು ಸಂಗತಿ ಎದುರಾಯಿತು. ಆರನೆಯ ತರಗತಿಯ ಒಬ್ಬ ಹುಡುಗ ಪೂರ್ವ ಪರೀಕ್ಷೆಯ ಗಣಿತದ ಹಾಳೆಯನ್ನು ಬಹುತೇಕ ಖಾಲಿ ಬಿಟ್ಟಿದ್ದ. ಅದೇ ಹುಡುಗ ಮಧ್ಯಾಹ್ನ ತರಗತಿಯ ಗೋಡೆಯನ್ನು ನೋಡುತ್ತಾ, ಇದು ಹತ್ತಡಿ ಎತ್ತರ, ಇಷ್ಟು ಗೋಡೆಗೆ ಇಷ್ಟು ಸಿಮೆಂಟ್ ಇಟ್ಟಿಗೆ ಬೇಕು ಎಂದು ಗೆಳೆಯನಿಗೆ ಹೇಳುತ್ತಿದ್ದುದು ಗಣಿತದ ಶಿಕ್ಷಕರ ಕಿವಿಗೆ ಬಿತ್ತು. ಮರುದಿನ ಅವರು ಅಳತೆಯ ಟೇಪು ತಂದು, ಸುತ್ತಳತೆ ಮತ್ತು ವಿಸ್ತೀರ್ಣದ ಪಾಠವನ್ನು ಅವನ ಕೈಯಿಂದಲೇ ಮಾಡಿಸಿದರು. ಅಡಿಯನ್ನು ಮೀಟರಿಗೆ ಬದಲಿಸುವಾಗ ಮಾತ್ರ ಅವನು ತಡವರಿಸಿದ; ದಶಮಾಂಶ ಅವನಿಗೆ ಯಾರೂ ಕಲಿಸಿರಲಿಲ್ಲ. ಅವನ ಕೊರತೆ ಎಲ್ಲಿದೆ ಎಂಬುದು ಪರೀಕ್ಷೆಯ ಹಾಳೆಗಿಂತ ಆ ಟೇಪಿನಿಂದಲೇ ಖಚಿತವಾಗಿ ತಿಳಿಯಿತು. ತಾಂಡಾದಿಂದ ಬಂದ ಮಕ್ಕಳಲ್ಲಿ ಇಬ್ಬರು ಮನೆಯಲ್ಲಿ ಲಂಬಾಣಿ, ಮಹಾರಾಷ್ಟ್ರದಲ್ಲಿ ಮರಾಠಿ ಆಡಿ, ಕನ್ನಡದ ವಾಕ್ಯ ಕಟ್ಟುವುದನ್ನೇ ಮರೆತಿದ್ದರು. ಅವರನ್ನು ಕೆಳಗಿನ ತರಗತಿಗೆ ಕಳುಹಿಸುವ ಮಾತು ಬಂತು. ನಾನು ಒಪ್ಪಲಿಲ್ಲ. ಓರಗೆಯವರ ನಡುವೆಯೇ ಕೂರಿಸಿ, ಕನ್ನಡಕ್ಕೆ ಮಾತ್ರ ಬೇರೆ ಸಮಯ ಕೊಟ್ಟೆವು.

ಎರಡನೆಯ ಸ್ವಾಗತ

ಆ ವರ್ಷ ಜೂನ್ ಮೊದಲ ವಾರದಲ್ಲೇ ಮುಂಗಾರು ಹಿಡಿದದ್ದರಿಂದ ಹೆಸರಿನ ಬಿತ್ತನೆ ಬೇಗ ಮುಗಿದು, ಕಾರ ಹುಣ್ಣಿಮೆಯ ಹೊತ್ತಿಗೆ ಊರು ತುಂಬಿತ್ತು. ಹಬ್ಬ ಜೂನ್ 21ರಂದು, ಶುಕ್ರವಾರ. ಎತ್ತುಗಳನ್ನು ಓಡಿಸಿ ಕರಿ ಹರಿದ ಮರುದಿನ ಯಾರೂ ಬರಲಾರರೆಂದು ತಿಳಿದಿದ್ದರಿಂದ, ಸೋಮವಾರ ಸಂಜೆ ಶಾಲೆಯಲ್ಲಿ ಮತ್ತೊಮ್ಮೆ ಕುಟುಂಬಗಳನ್ನು ಕರೆದೆವು. ವೇದಿಕೆ ಹಾಕಲಿಲ್ಲ, ಭಾಷಣ ಇಟ್ಟುಕೊಳ್ಳಲಿಲ್ಲ. ಅಂಗಳದಲ್ಲಿ ಜಮಖಾನ ಹಾಸಿ, ಚಹಾ ಮಾಡಿಸಿ, ಬಂದ ಪ್ರತಿಯೊಂದು ಕುಟುಂಬವನ್ನೂ ಮಗುವಿನ ತರಗತಿ ಕೋಣೆಗೆ ಕರೆದೊಯ್ದು, ಮಗು ಕೂರುವ ಜಾಗ ತೋರಿಸಿ, ಪುಸ್ತಕದ ಕಟ್ಟನ್ನು ಮಗುವಿನ ಕೈಗೆ ಕೊಟ್ಟೆವು. ಆರು ತಿಂಗಳಿಗೊಮ್ಮೆ ಊರು ಕಾಣುವ ತಂದೆಯರಲ್ಲಿ ಹಲವರು ಮಗ ಅಥವಾ ಮಗಳ ತರಗತಿಯ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಒಬ್ಬರು ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದು, ಮಗಳ ಹಲಗೆಯ ಮೇಲೆ ಕುಳಿತು, ಗೋಡೆಯ ನಕಾಶೆಯಲ್ಲಿ ತಾವು ಕೆಲಸ ಮಾಡಿದ ಊರನ್ನು ಹುಡುಕಿಸಿದರು.

ಆ ಸಭೆಯಲ್ಲಿ ನಾನು ಹೇಳಬೇಕಾದ ಒಂದು ಮಾತಿತ್ತು. ಹಿಂದಿನ ವರ್ಷಗಳಲ್ಲಿ ತಡವಾಗಿ ಬಂದವರಿಗೆ ಎಲ್ಲರೆದುರು ಬೈದದ್ದು ತಪ್ಪಾಯಿತು, ಇನ್ನು ಮುಂದೆ ಯಾವ ದಿನ ಬಂದರೂ ನೇರವಾಗಿ ಒಳಗೆ ಬನ್ನಿ, ಯಾವ ಕಾಗದವೂ ಬೇಡ ಎಂದು ಹೇಳಿದೆ. ಸಭೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಒಬ್ಬ ಅಜ್ಜಿ, “ಬೈರಿ ಸರ, ಆದ್ರ ಒಳಗ ಕರದು ಬೈರಿ” ಎಂದರು. ಬೇವಿನ ಮರದ ಕೆಳಗೆ ಕುಳಿತಿದ್ದ ತಾಯಿಯೂ ಅಲ್ಲಿದ್ದರು. ಅವರು ಏನೂ ಹೇಳಲಿಲ್ಲ.

ಫಲ ಮತ್ತು ಉಳಿದುದು

ಜುಲೈ ಮಧ್ಯದ ಹೊತ್ತಿಗೆ 41 ಮಕ್ಕಳಲ್ಲಿ 33 ಮಂದಿ ನಮ್ಮ ಶಾಲೆಗೆ ಮರಳಿದ್ದರು, ಐವರು ನಗರದ ಶಾಲೆಗಳಿಗೆ ವರ್ಗವಾಗಿದ್ದರು. ಮೂವರು ಉಳಿದರು. ಇಬ್ಬರು ಅಣ್ಣ ತಮ್ಮಂದಿರ ಕುಟುಂಬದ ಸುಳಿವೇ ಸಿಗಲಿಲ್ಲ. ಏಳನೆಯ ತರಗತಿಯ ಒಬ್ಬ ಹುಡುಗಿ ತಾಯಿಯೊಂದಿಗೆ ಇಟ್ಟಿಗೆ ಭಟ್ಟಿಯಲ್ಲಿ ಉಳಿದಳು; ಎರಡು ಸಲ ಫೋನಿನಲ್ಲಿ ಮಾತನಾಡಿದಳು, ಮೂರನೆಯ ಸಲ ಸಂಖ್ಯೆ ಬಂದ್ ಆಗಿತ್ತು. ಸಂಬಂಧಪಟ್ಟವರಿಗೆ ಬರೆದಿದ್ದೇವೆ. ಅವಳ ಪುಸ್ತಕದ ಕಟ್ಟು ವರ್ಷವಿಡೀ ಕಚೇರಿಯ ಬೆಂಚಿನ ಮೇಲೆಯೇ ಇತ್ತು.

ಮರಳಿ ಬಂದವರೆಲ್ಲ ನಿಂತರು ಎನ್ನುವಂತೆಯೂ ಇಲ್ಲ. ಆಗಸ್ಟ್ ಕೊನೆಯಿಂದ ಹತ್ತಿ ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ (ಕೈಯಿಂದ ಪರಾಗಸ್ಪರ್ಶ ಮಾಡುವ) ಕೆಲಸ ಶುರುವಾಗುತ್ತದೆ. ಬೆಳಗಿನ ಹೊತ್ತು ಹೂವು ಮುಟ್ಟುವ ಆ ಕೆಲಸಕ್ಕೆ ಸಣ್ಣ ಬೆರಳುಗಳನ್ನೇ ಹುಡುಕುವವರಿದ್ದಾರೆ. ಸೆಪ್ಟೆಂಬರಿನಲ್ಲಿ ಆರು ಮಕ್ಕಳು ಬೆಳಿಗ್ಗೆ ಬಾರದೆ ಮಧ್ಯಾಹ್ನದ ಊಟಕ್ಕೆ ಬರತೊಡಗಿದರು. ಅವರನ್ನು ಊಟದ ಸಾಲಿನಿಂದ ಎಬ್ಬಿಸಲಿಲ್ಲ. ಊಟದ ನಂತರ ಮನೆಗೆ ಬಿಡಲೂ ಇಲ್ಲ. ಸಂಜೆ ಅವರ ಮನೆಗಳಿಗೆ ಹೋಗಿ ಮಾತನಾಡಿದೆವು. ನಾಲ್ವರು ಬೆಳಗಿನಿಂದಲೇ ಬರುವಂತಾದರು, ಇಬ್ಬರದು ಹತ್ತಿ ಮುಗಿಯುವವರೆಗೂ ಹಾಗೆಯೇ ನಡೆಯಿತು.

ಮತ್ತೆ ಗುಳೆಯ ಕಾಲ ಬಂದಾಗ ಹೊರಡುವವರಿಗೆ ಒಂದೊಂದು ಹಾಳೆ ಕೊಟ್ಟೆವು. ಅದರಲ್ಲಿ ಮಗುವಿನ ಹೆಸರು, ತರಗತಿ, ಸ್ಯಾಟ್ಸ್ ಸಂಖ್ಯೆ, ಕನ್ನಡ ಮತ್ತು ಗಣಿತದಲ್ಲಿ ಮಗು ಎಲ್ಲಿಯವರೆಗೆ ಬಂದಿದೆ ಎಂಬ ಎರಡು ಸಾಲು, ಶಾಲೆಯ ಫೋನ್ ಸಂಖ್ಯೆ, ಕೆಳಗೆ ಸಹಿ ಮತ್ತು ಮೊಹರು ಇದ್ದವು. ಕಚೇರಿಯಲ್ಲಿ ಒಂದು ನೋಟ್‌ಬುಕ್ ಇಟ್ಟು, ಯಾವ ಕುಟುಂಬ ಎಲ್ಲಿಗೆ, ಯಾರೊಂದಿಗೆ ಹೋಗುತ್ತಿದೆ, ಯಾವ ಮಳೆಗೆ ಬರುತ್ತದೆ ಎಂದು ಬರೆದುಕೊಳ್ಳತೊಡಗಿದೆವು.

ಡಿಸೆಂಬರಿನಲ್ಲಿ, ಹತ್ತಿ ಬಿಡಿಸುವ ಕೆಲಸ ಮುಗಿಯುತ್ತಾ ಬಂದಾಗ, ಆ ತಾಯಿ ಒಂದು ಬೆಳಿಗ್ಗೆ ನೇರವಾಗಿ ಕಚೇರಿಗೆ ಬಂದರು. ಈ ಸಲ ಹಿರಿಯ ಮಗಳನ್ನು ಅಜ್ಜಿಯ ಬಳಿ ಬಿಟ್ಟು, ಚಿಕ್ಕವನನ್ನು ಮಾತ್ರ ಕರೆದೊಯ್ಯುವುದಾಗಿ ಹೇಳಿದರು. ನೋಟ್‌ಬುಕ್ ತೆರೆದು ಕೇಳಿದೆ. ಅವರು ಹೇಳಿದಂತೆ ಬರೆದುಕೊಂಡೆ: ಹೋಗುವುದು ಬೆಂಗಳೂರಿಗೆ, ಹಳೆಯ ಮೇಸ್ತ್ರಿಯ ಜೊತೆ, ಬರುವುದು ಮಿರಗದ ಮಳೆಗೆ, ತಪ್ಪಿದರೆ ಕಾರ ಹುಣ್ಣಿಮೆಗೆ, ಚಿಕ್ಕವನ ಹೆಸರು ಅಂಗನವಾಡಿಯಲ್ಲಿ ಹಾಗೆಯೇ ಇರಲಿ.